ಪೇಟಿ ಬಲ್ಲವರು ವಿಕಿಪೀಡಿಯದಲ್ಲಿ ‘ಡಿ ಮೇಜರ್’ ತಿದ್ದುವಾಗ

ಪಾಶ್ಚಾತ್ಯ ಸಂಗೀತದ ಕೀಗಳ ಬಗ್ಗೆ ಕನ್ನಡ ವಿಕಿಪೀಡಿಯಕ್ಕೆ ಬರೆಯಲು ಕೂತರೆ ಯಂತ್ರಾನುವಾದವನ್ನು ಬದಿಗಿಡಿ. ಅದರ ಕೈಗೆ ಸಿಕ್ಕರೆ ಮೈನರ್ ‘ಅಪ್ರಾಪ್ತ’ ಆಗಬಹುದು, ಫ್ಲ್ಯಾಟ್ ‘ಚಪ್ಪಟೆ’ ಆಗಬಹುದು. ಕೀ ಎಂಬುದು ‘ಕೀಲಿ’ಯಾದರಂತೂ ಕಲಬುರಗಿಯ ಓದುಗನಿಗೆ ನೆನಪಾಗುವುದು ಬಾಗಿಲಿಗೆ ಹಾಕುವ ಕೀಲಿ. ಕೀ, ಮೇಜರ್, ಮೈನರ್, ಶಾರ್ಪ್, ಫ್ಲ್ಯಾಟ್ ಹಾಗೇ ಇರಲಿ. ‘ಶ್ರುತಿ’ ಎಂದೂ ಬರೆಯಬೇಡಿ: ಶ್ರುತಿ ಹೇಳುವುದು ಆಧಾರ ಸ್ವರವನ್ನಷ್ಟೇ, ಕೀ ಅದರ ಜೊತೆಗೆ ಸ್ವರಗಳ ಅಂತರವನ್ನೂ ಹೇಳುತ್ತದೆ.

ಲೇಖನದ ಹೆಸರಿನಲ್ಲಿ ಅಕ್ಷರವೇ ಇರಲಿ: ‘ಎಫ್ ಶಾರ್ಪ್ ಮೇಜರ್’. ಹೆಸರಿನಲ್ಲಿ # ಹಾಕಿದರೆ ವಿಕಿ ಅದನ್ನು ಪುಟದೊಳಗಿನ ವಿಭಾಗದ ಗುರುತೆಂದು ಓದುತ್ತದೆ, ಕೊಂಡಿ ‘ಎಫ್’ ಪುಟಕ್ಕೆ ಹೋಗಿ ನಿಲ್ಲುತ್ತದೆ. ಪಠ್ಯದೊಳಗೆ ನಿಜವಾದ ♯ (ಶಾರ್ಪ್, ಅರ್ಧ ಸ್ವರ ಮೇಲೆ), ♭ (ಫ್ಲ್ಯಾಟ್, ಅರ್ಧ ಸ್ವರ ಕೆಳಗೆ) ಚಿಹ್ನೆಗಳನ್ನೇ ಬಳಸಿ.

ಮೊದಲ ವಾಕ್ಯದಲ್ಲೇ ಸ್ವರಗಳು ಬರಬೇಕು. ಡಿ ಮೇಜರ್ ಆದರೆ: ಡಿ, ಇ, ಎಫ್♯, ಜಿ, ಎ, ಬಿ, ಸಿ♯, ಸಾಲಿನ ಆರಂಭದ ಗುರುತಾದ ಕೀ ಸಿಗ್ನೇಚರ್‌ನಲ್ಲಿ 2 ಶಾರ್ಪ್. ತಾಳೆ ನೋಡಲು ಪೇಟಿ (ಹಾರ್ಮೋನಿಯಂ) ಸಾಕು. ಬಿಳಿ 1 ಸಿ, ಕರಿ 1 ಸಿ♯, ಬಿಳಿ 2 ಡಿ. ಡಿಯಿಂದ ಹೊರಟು ಕರಿ ಬಿಳಿ ಎರಡನ್ನೂ ಎಣಿಸುತ್ತ 2, 2, 1, 2, 2, 2, 1 ಮನೆ ಏರಿದರೆ ಮೇಲಿನ ಡಿ ಸಿಗಬೇಕು. ಡಾಮಿನೆಂಟ್ ಎಂದರೆ ಪಂಚಮ, ಇಲ್ಲಿ ಎ ಮೇಜರ್. ಸಬ್‌ಡಾಮಿನೆಂಟ್ ಮಧ್ಯಮ, ಜಿ ಮೇಜರ್. ಇವೇ ಸ್ವರಗಳಿರುವ ರಿಲೇಟಿವ್ ಮೈನರ್ 3 ಮನೆ ಕೆಳಗೆ: ಬಿ ಮೈನರ್. ಆದರೆ ಹಳೆಯ ಪೇಟಿಯ ರೀಡುಗಳು ಇಂದಿನ ಪ್ರಮಾಣವಾದ ಎ = 440 ಹರ್ಟ್ಜ್‌ಗೆ ಕೂತಿರುತ್ತವೆಂಬ ಭರವಸೆ ಇಲ್ಲ; ಅದನ್ನು ಅಳೆದು ಕಂಪನಸಂಖ್ಯೆ ಬರೆಯಬೇಡಿ.

ಪೇಟಿ ಬಲ್ಲವರೇ ಹೆಚ್ಚಾಗಿ ಎಡವುವ ಜಾಗ ಒಂದಿದೆ. ಎಫ್♯ ಮೇಜರ್‌ನ ಏಳನೆಯ ಸ್ವರ ಇ♯. ಪೇಟಿಯಲ್ಲಿ ಅದೂ ಎಫ್ಫೂ ಒಂದೇ ಮನೆ, ಹಾಗಾಗಿ ಅದನ್ನು ‘ಎಫ್’ ಎಂದು ತಿದ್ದಲು ಕೈ ತುರಿಸುತ್ತದೆ. ತಿದ್ದಬೇಡಿ. ಏಳು ಅಕ್ಷರಗಳೂ ತಲಾ ಒಮ್ಮೆ ಬರಬೇಕು. ಎಫ್ ಬರೆದರೆ ಇ ಕಾಣೆಯಾಗಿ ಎಫ್ ಎರಡಾಗುತ್ತದೆ. ಇದೇ ಲೆಕ್ಕದಲ್ಲಿ ಜಿ♯ ಮೇಜರ್‌ಗೆ 8 ಶಾರ್ಪ್ ಬೇಕು, ಎಫ್‌ಗೆ ಎರಡು ಸಲ (ಡಬಲ್ ಶಾರ್ಪ್). ಅದಕ್ಕೇ ರಚನಕಾರರು 4 ಫ್ಲ್ಯಾಟಿನ ಎ♭ ಮೇಜರ್ ಹಿಡಿಯುತ್ತಾರೆ. ಜಿ♯ಗೆ ಬೇರೆ ಪುಟ ಬೇಡ, ಎ♭ ಪುಟಕ್ಕೆ ಪುನರ್ನಿರ್ದೇಶನ ಕೊಟ್ಟರಾಯಿತು.

ಎ ಮೈನರ್‌ನ ಕೀ ಸಿಗ್ನೇಚರ್‌ಗೆ ಜಿ♯ ಸೇರಿಸುವುದು ಇನ್ನೊಂದು ತಪ್ಪು. ಏಳನೆಯ ಸ್ವರ ಏರಿಸಿದ ಹಾರ್ಮೋನಿಕ್ ಮೈನರ್‌ನಲ್ಲಿ ಜಿ♯ ಬರುತ್ತದೆ ನಿಜ, ಆದರೆ ಅದನ್ನು ಆಯಾ ಸ್ವರದ ಪಕ್ಕದಲ್ಲೇ ಗುರುತಿಸುತ್ತಾರೆ.

ರಾಗದ ಹೋಲಿಕೆ ಬೇಕೇ ಬೇಕು, ಆದರೆ ಒಂದೇ ಕಡೆ. ಮೇಜರ್ ಅಂತರಗಳು ಹಿಂದೂಸ್ತಾನಿಯ ಬಿಲಾವಲ್ ಥಾಟಿನವು, ಕರ್ನಾಟಕ ಪದ್ಧತಿಯಲ್ಲಿ 29ನೆಯ ಮೇಳ ಶಂಕರಾಭರಣದವು. ಇದು ಪ್ರತಿಯೊಂದು ಮೇಜರ್ ಕೀಗೂ ನಿಜವಾದ್ದರಿಂದ ‘ಮೇಜರ್ ಸ್ವರಶ್ರೇಣಿ’ ಪುಟದಲ್ಲಿರಲಿ. ‘ಡಿ ಮೇಜರ್ ಎಂದರೆ ಬಿಲಾವಲ್ ರಾಗ’ ಎಂಬ ಸಾಲು ಕಂಡರೆ ಅಳಿಸಿ. ಬೀದರ್‌ನ ನಾನಕ್ ಝೀರಾ ಗುರುದ್ವಾರದ ಕೀರ್ತನಕಾರರಾಗಲಿ ನಮ್ಮ ಭಜನೆಯವರಾಗಲಿ ಷಡ್ಜವನ್ನು ತಮ್ಮ ಕಂಠಕ್ಕೆ ಒಪ್ಪುವ ಮನೆಯಲ್ಲಿ ಹಿಡಿಯುತ್ತಾರೆ, ರಾಗ ಬದಲಾಗುವುದಿಲ್ಲ.

ಭಾವದ ಮಾತಿಗೆ ಹೆಸರು ಬೇಕು. ಡಿ ಮೇಜರನ್ನು ವಿಜಯದ ಕೀ ಎಂದದ್ದು ಜರ್ಮನ್ ಸಂಗೀತಗಾರ ಶೂಬಾರ್ಟ್. ಅವನ ಪುಸ್ತಕ ಅಚ್ಚಾದದ್ದು 1806ರಲ್ಲಿ. ‘ಶೂಬಾರ್ಟ್ ಪ್ರಕಾರ’ ಎಂದು ಬರೆಯಿರಿ. ವಾದ್ಯದ ಕಾರಣ ಅದಕ್ಕಿಂತ ಗಟ್ಟಿ: ಪಿಟೀಲಿನ ತೆರೆದ ತಂತಿಗಳಾದ ಜಿ, ಡಿ, ಎ, ಇ ನಾಲ್ಕೂ ಈ ಕೀಯಲ್ಲಿವೆ.

ಕೃತಿಗಳ ಪಟ್ಟಿ ಚಿಕ್ಕದಿರಲಿ, ಸಂಖ್ಯೆ ವರ್ಷ ಇರಲಿ. ಬೀಥೋವನ್‌ನ 5ನೆಯ ಸಿಂಫನಿ (ಓಪಸ್ 67, 1808) ಸಿ ಮೇಜರ್‌ನಲ್ಲಿ ಮುಗಿದರೂ ಅದರ ಜಾಗ ಸಿ ಮೈನರ್ ಪುಟ. ಜರ್ಮನ್ ಮೂಲ ನೋಡುವವರು ಎಚ್ಚರ: ಅಲ್ಲಿ ‘ಬಿ’ ಎಂದರೆ ನಮ್ಮ ಬಿ♭, ‘ಎಚ್’ ಎಂದರೆ ಬಿ. ಬಿ♭ ಕ್ಲಾರಿನೆಟ್‌ನ ಹಾಳೆ ನೋಡಿಯೂ ಕೀ ನಿರ್ಧರಿಸಬೇಡಿ, ಅದರ ಸ್ವರಗಳನ್ನು 2 ಮನೆ ಮೇಲೆ ಬರೆಯುತ್ತಾರೆ, ಡಿ ಮೇಜರ್ ಕೃತಿ ಅದರಲ್ಲಿ ಇ ಮೇಜರ್ ಆಗಿ ಕಾಣುತ್ತದೆ. ಸಿನಿಮಾ ಹಾಡುಗಳ ಕೀಯನ್ನು ಕಿವಿಯಿಂದ ಹುಡುಕಿ ಸೇರಿಸುವುದು ಸ್ವಂತ ಸಂಶೋಧನೆ, ಅದು ನಿಲ್ಲುವುದಿಲ್ಲ.

ಉಳಿಸುವ ಮುನ್ನ ಮೊಬೈಲಿನಲ್ಲಿ ಮುನ್ನೋಟ ನೋಡಿ. ಡಬಲ್ ಶಾರ್ಪಿನ ಚಿಹ್ನೆ ಖಾಲಿ ಚೌಕವಾಗಿ ಕಂಡರೆ ಅಕ್ಷರದಲ್ಲೇ ಬರೆಯಿರಿ.