ಗಾರೆಯಲ್ಲಿ ಸಿಕ್ಕ ಚಿಪ್ಪು

ಇಟ್ಟಿಗೆ ಮುಟ್ಟಿದರೆ ಪುಡಿಯಾಗಿ ಅಂಗೈಗೆ ಉದುರುತ್ತಿತ್ತು. ಸಂದಿನ ಸಿಮೆಂಟ್ ಮಾತ್ರ ಕಲ್ಲಿನಂತೆ ನಿಂತಿತ್ತು. ಅಮೆರಿಕದ ಸೌತ್ ಕೆರೊಲಿನಾದಲ್ಲಿ, ಚಾರ್ಲ್ಸ್‌ಟನ್ ಬಳಿಯ ಹಳೆಯ ಬಂಗಲೆಯೊಂದರ ದುರಸ್ತಿಗೆ ಸೇರಿದ ದಿನ ನಾನು ಕಂಡದ್ದು ಇದು. ಹಿಂದೆ ಯಾರೋ ಸುಣ್ಣದ ಗಾರೆ ಕೆದಕಿ ಸಿಮೆಂಟ್ ತುಂಬಿದ್ದರು. ಗೋಡೆಯ ತೇವವನ್ನು ಗಾರೆ ಹೊರಬಿಡುತ್ತದೆ, ಸಿಮೆಂಟ್ ತಡೆಯುತ್ತದೆ. ಆಗ ತೇವಕ್ಕೆ ಮೆತ್ತನೆಯ ಇಟ್ಟಿಗೆಯೇ ದಾರಿ. ಅದು ಆರುವಾಗ ಒಳಗಿನ ಉಪ್ಪು ಹರಳುಗಟ್ಟಿ ಇಟ್ಟಿಗೆಯ ಮುಖವನ್ನು ಪದರ ಪದರವಾಗಿ ಕೀಳುತ್ತದೆ.

ಯಂತ್ರ ಬಳಸಲು ನಾನು ಒಪ್ಪಲಿಲ್ಲ. ಉಳಿ, ಸುತ್ತಿಗೆ ಹಿಡಿದು, ಸಂದಿನ ಅಗಲದ ಎರಡೂವರೆ ಪಟ್ಟು ಆಳಕ್ಕೆ ಸಿಮೆಂಟ್ ತೆಗೆದೆವು. ಅದರ ಹಿಂದೆ ಮೂಲ ಗಾರೆ ಸಿಕ್ಕಿತು. ಗಾರೆಯೊಳಗೆ ಪೂರ್ತಿ ಸುಡದೆ ಉಳಿದ ಸಿಂಪಿಯ ಚೂರುಗಳು. ನಾನು ಕರಾವಳಿಯವನು. ಚಿಪ್ಪು ಸುಟ್ಟು ಸುಣ್ಣ ಮಾಡುವ ಗೂಡಿನ ಹೊಗೆ ಕಂಡು ಬೆಳೆದವನಿಗೆ ಆ ಬಿಳಿಯ ಚೂರುಗಳ ಗುರುತು ಯಾರೂ ಹೇಳಬೇಕಾಗಲಿಲ್ಲ. ಒಂದು ಪಾಲು ಅರಳಿದ ಸುಣ್ಣಕ್ಕೆ ಮೂರು ಪಾಲು ಮರಳು ಕಲಸಿದೆವು. ಸಂದುಗಳಿಗೆ ನೀರು ಚಿಮುಕಿಸಿ, ಗಾರೆಯನ್ನು ಒತ್ತಿ ತುಂಬಿ, ಬಿಸಿಲು ತಾಗದಂತೆ ಒದ್ದೆ ಗೋಣಿ ಹೊದಿಸಿದೆವು. ಅವಸರ ಮಾಡಿದರೆ ಗಾರೆ ಬಿರಿಯುತ್ತದೆ.

ಹಿತ್ತಿಲ ಬಾಗಿಲ ಪಕ್ಕದ ಒಂದು ಇಟ್ಟಿಗೆಯಲ್ಲಿ ಮೂರು ಬೆರಳಿನ ಗುರುತುಗಳಿದ್ದವು, ಚಿಕ್ಕವು. ಈ ಸೀಮೆಯಲ್ಲಿ ಇಟ್ಟಿಗೆ ಅಚ್ಚು ಹಾಕಿದವರು ಗುಲಾಮರಾಗಿದ್ದ ಆಫ್ರಿಕನ್ನರು. ಮಕ್ಕಳೂ ಆ ಕೆಲಸದಲ್ಲಿದ್ದರು. ಅಂಚು ಮುರಿದಿದೆ, ಬದಲಿಸೋಣ ಎಂದರು ಜೊತೆಯವರು. ಬೇಡ ಎಂದು ಹಟ ಹಿಡಿದೆ.

ಆ ಹಟಕ್ಕೆ ಬಲ ಬಂದದ್ದು ಆಶ್ಲಿ ನದಿಯ ದಂಡೆಯ ಡ್ರೇಟನ್ ಹಾಲ್ ನೋಡಿದ್ದರಿಂದ. 1738ರಲ್ಲಿ ಜಾನ್ ಡ್ರೇಟನ್ ಕೊಂಡ ಜಮೀನಿನಲ್ಲಿ ಎದ್ದ ಆ ಮನೆ ಏಳು ತಲೆಮಾರು ಒಂದೇ ಮನೆತನದ ಕೈಯಲ್ಲಿತ್ತು. 1974ರಲ್ಲಿ ರಾಷ್ಟ್ರೀಯ ಪರಂಪರೆ ಸಂರಕ್ಷಣಾ ಟ್ರಸ್ಟ್‌ಗೆ ಬಂದಾಗ ಅದನ್ನು ಹೊಸದಾಗಿಸದೆ, ಸಿಕ್ಕಂತೆಯೇ ಕಾಪಾಡಲು ನಿರ್ಧರಿಸಿದರು. ಒಳಗೆ ನಲ್ಲಿಯಿಲ್ಲ, ಪೀಠೋಪಕರಣವಿಲ್ಲ. ಮಕ್ಕಳ ಎತ್ತರ ಅಳೆದು ಗೀಚಿದ ಗೆರೆಗಳನ್ನೂ ಅಳಿಸಿಲ್ಲ. ಗುಲಾಮರಾಗಿದ್ದವರ ಸ್ಮಶಾನವೂ ಅಲ್ಲಿಯೇ ಇದೆ. ಅದರ ಕಮಾನಿನ ಮೇಲೆ 'ಅವರು ವಿಶ್ರಮಿಸಲಿ' ಎಂಬರ್ಥದ ಮಾತಿದೆ. ಮರಗಳ ನೆರಳಿನಲ್ಲಿ ನಾನು ಬಹಳ ಹೊತ್ತು ನಿಂತಿದ್ದೆ.

ಮುರಿದ ಅಂಚಿಗೆ ಸುಣ್ಣದ ಗಾರೆ ಹಚ್ಚಿದೆವು. ಬೆರಳಿನ ಗುರುತಿನೊಳಗೆ ಗಾರೆ ಸೇರದಂತೆ ಒದ್ದೆ ಬಟ್ಟೆಯ ತುದಿಯಿಂದ ನಾನೇ ಒರೆಸಿದೆ. ಇಟ್ಟಿಗೆ ಅಲ್ಲಿಯೇ ಇದೆ.