ಸಹಿ ಕೊನೆಗಿರಲಿ: ವಿದೇಶಿ ವಿಶ್ವವಿದ್ಯಾಲಯದ ಜೊತೆ ವಿದ್ಯಾರ್ಥಿ ವಿನಿಮಯ ಕಟ್ಟುವ ಕ್ರಮ

ಒಪ್ಪಂದಕ್ಕೆ ಸಹಿ ಬೀಳುತ್ತದೆ, ಶಾಲು ಹೊದಿಸುತ್ತಾರೆ, ಪತ್ರಿಕೆಯಲ್ಲಿ ಫೋಟೊ ಬರುತ್ತದೆ. ಐದು ವರ್ಷದ ಅವಧಿ ಮುಗಿಯುವ ಹೊತ್ತಿಗೆ ಒಬ್ಬ ವಿದ್ಯಾರ್ಥಿಯೂ ಹೋಗಿರುವುದಿಲ್ಲ, ಒಬ್ಬರೂ ಬಂದಿರುವುದಿಲ್ಲ. ಹೀಗಾಗುವುದಕ್ಕೆ ಹಣದ ಕೊರತೆಗಿಂತ ದೊಡ್ಡ ಕಾರಣ ಬೇರೆಯಿದೆ: ಎರಡು ಕಡೆಯ ಅಧ್ಯಾಪಕರು ಒಬ್ಬರಿಗೊಬ್ಬರು ಗೊತ್ತಿರುವುದಿಲ್ಲ, ಎರಡು ಕಡೆಯ ಪಠ್ಯಕ್ರಮವನ್ನು ಯಾರೂ ಪಕ್ಕಪಕ್ಕ ಇಟ್ಟು ನೋಡಿರುವುದಿಲ್ಲ. ಈ ಎರಡು ಕೆಲಸ ಮೊದಲು ಆದರೆ ಸಹಿ ತಾನಾಗಿ ಬರುತ್ತದೆ.

ಅಧಿಕಾರ ಯಾರದು

ದಾವಣಗೆರೆ, ಚಿತ್ರದುರ್ಗದ ಹೆಚ್ಚಿನ ಕಾಲೇಜುಗಳು ಪದವಿ ಕೊಡುವ ಸಂಸ್ಥೆಗಳಲ್ಲ. ಬಿಎ, ಬಿಎಸ್ಸಿ, ಬಿಕಾಂ ಕಾಲೇಜುಗಳು 2009ರಲ್ಲಿ ಶುರುವಾದ ದಾವಣಗೆರೆ ವಿಶ್ವವಿದ್ಯಾಲಯಕ್ಕೆ, ಎಂಜಿನಿಯರಿಂಗ್ ಕಾಲೇಜುಗಳು ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ (ವಿಟಿಯು), ವೈದ್ಯಕೀಯ ಕಾಲೇಜುಗಳು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದವು. ಪ್ರಾಂಶುಪಾಲರು ಸಹಿ ಹಾಕಿದ ಪತ್ರದಿಂದ ಅತಿಥಿ ಉಪನ್ಯಾಸ, ಆನ್‌ಲೈನ್ ತರಗತಿ, ಎರಡು ವಾರದ ಭೇಟಿ ನಡೆಸಬಹುದು. ಹೊರಗೆ ಓದಿದ ಸೆಮಿಸ್ಟರನ್ನು ಅಂಕಪಟ್ಟಿಗೆ ಸೇರಿಸಬೇಕಾದರೆ ಅಧ್ಯಯನ ಮಂಡಳಿ, ವಿದ್ಯಾವಿಷಯಕ ಪರಿಷತ್ತು, ವಿಶ್ವವಿದ್ಯಾಲಯದ ಆಡಳಿತ ಮಂಡಳಿಯಾದ ಸಿಂಡಿಕೇಟ್ ಮೂರೂ ದಾಟಬೇಕು. ವಿದ್ಯಾವಿಷಯಕ ಪರಿಷತ್ತು ವರ್ಷಕ್ಕೆ ಕೆಲವೇ ಸಲ ಸೇರುತ್ತದೆ. ಅದರ ಮುಂದಿನ ಸಭೆ ಯಾವಾಗ ಎಂದು ಕೇಳಿಕೊಂಡೇ ನಿಮ್ಮ ವೇಳಾಪಟ್ಟಿ ಹಾಕಿ.

ನಮ್ಮಲ್ಲಿ ಏನಿದೆ ಎಂದು ಬರೆದಿಡಿ

‘ಪರಸ್ಪರ ಆಸಕ್ತಿಯ ಎಲ್ಲ ಕ್ಷೇತ್ರಗಳಲ್ಲಿ ಸಹಕಾರ’ ಎಂದು ಬರೆದ ಪತ್ರಕ್ಕೆ ಉತ್ತರ ಬರುವುದಿಲ್ಲ. ಒಂದೇ ಪುಟ, ಒಂದೇ ವಿಷಯ ಸಾಕು, ಮತ್ತು ಆ ವಿಷಯಗಳು ನಮ್ಮ ಎರಡು ಜಿಲ್ಲೆಗಳಲ್ಲಿ ಧಾರಾಳವಾಗಿವೆ. ಪುರಾತತ್ತ್ವದವರಿಗೆ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ ಇದೆ: ಅಶೋಕನ ಶಾಸನ ಅಲ್ಲಿದೆ, 1947ರಲ್ಲಿ ಮಾರ್ಟಿಮರ್ ವೀಲರ್ ಉತ್ಖನನ ಮಾಡಿದ ಜಾಗವದು. ನೀರಾವರಿ ಓದುವವರಿಗೆ ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ, ಹಿರಿಯೂರಿನ ವಾಣಿವಿಲಾಸ ಸಾಗರ, ದಾವಣಗೆರೆಯ ಭದ್ರಾ ನಾಲೆ, ಅದರ ಕೊನೆಯ ಭಾಗದ ರೈತರ ನೀರಿನ ಪಾಡು ಎಲ್ಲವೂ ಒಂದು ದಿನದ ಓಡಾಟದಲ್ಲಿ ಸಿಗುತ್ತವೆ. ಗಾಳಿ ವಿದ್ಯುತ್ತಿಗೆ ಚಿತ್ರದುರ್ಗದ ಗುಡ್ಡಗಳು, ಕೃಷಿ ಅರ್ಥಶಾಸ್ತ್ರಕ್ಕೆ ಮೆಕ್ಕೆಜೋಳದ ಮಾರುಕಟ್ಟೆ, ಜವಳಿಗೆ ಮೊಳಕಾಲ್ಮೂರಿನ ರೇಷ್ಮೆ ಸೀರೆ ಇವೆ. ಅಲ್ಲಿನ ವಿಭಾಗಕ್ಕೆ ತನ್ನೂರಿನಲ್ಲಿ ಸಿಗದ ಕ್ಷೇತ್ರಕಾರ್ಯ ಇಲ್ಲಿ ಸಿಗುತ್ತದೆ ಎಂಬುದೇ ನಿಮ್ಮ ಬಲ.

ಪತ್ರವನ್ನು ಅಲ್ಲಿನ ಕುಲಪತಿಗೆ ಕಳಿಸಬೇಡಿ. ಆ ವಿಷಯದಲ್ಲೇ ಕೆಲಸ ಮಾಡುವ ಒಬ್ಬ ಅಧ್ಯಾಪಕರಿಗೆ ಬರೆಯಿರಿ, ಅವರ ಇತ್ತೀಚಿನ ಒಂದು ಲೇಖನವನ್ನಾದರೂ ಓದಿ ಬರೆಯಿರಿ. ಹೊರದೇಶದಲ್ಲಿ ಪಿಎಚ್‌ಡಿ ಮಾಡುತ್ತಿರುವ ನಿಮ್ಮ ಹಳೆಯ ವಿದ್ಯಾರ್ಥಿಗಳ ಪಟ್ಟಿ ಮಾಡಿದರೆ ದಾರಿ ಇನ್ನೂ ಹತ್ತಿರ. ರ್‍ಯಾಂಕಿಂಗ್‌ನಲ್ಲಿ ಮೇಲಿರುವ ದೊಡ್ಡ ವಿಶ್ವವಿದ್ಯಾಲಯಕ್ಕಿಂತ, ಮಧ್ಯಮ ಗಾತ್ರದ, ಪಾಲುದಾರರನ್ನು ಹುಡುಕುತ್ತಿರುವ ವಿಶ್ವವಿದ್ಯಾಲಯ ನಮಗೆ ಹೆಚ್ಚು ಹೊಂದುತ್ತದೆ ಎಂಬುದು ನಮ್ಮ ಖಚಿತ ಅಭಿಪ್ರಾಯ.

ಮೊದಲ ವರ್ಷ ಯಾರನ್ನೂ ಕಳಿಸದೆ, ಆರು ವಾರದ ಒಂದು ಜಂಟಿ ಆನ್‌ಲೈನ್ ತರಗತಿ ನಡೆಸಿ. ಎರಡೂ ಕಡೆಯಿಂದ ಹದಿನೈದು ಹದಿನೈದು ವಿದ್ಯಾರ್ಥಿಗಳು, ಬೆರೆಸಿ ಮಾಡಿದ ಸಣ್ಣ ಗುಂಪುಗಳು, ಗುಂಪಿಗೊಂದು ವರದಿ. ಚಳಿಗಾಲದಲ್ಲಿ ನಮ್ಮ ಮಧ್ಯಾಹ್ನ 2:30 ಎಂದರೆ ಜರ್ಮನಿಯಲ್ಲಿ ಬೆಳಗ್ಗೆ 10. ಯುರೋಪಿನಲ್ಲಿ ಮಾರ್ಚ್ ಮತ್ತು ಅಕ್ಟೋಬರಿನ ಕೊನೆಯ ಭಾನುವಾರ ಗಡಿಯಾರ ಒಂದು ಗಂಟೆ ಸರಿಯುತ್ತದೆ. ಆ ವಾರದ ತರಗತಿ ತಪ್ಪಿಹೋಗುವುದು ಸಾಮಾನ್ಯ, ಮೊದಲೇ ತಿಳಿಸಿಡಿ.

ಕ್ರೆಡಿಟ್ ಹೊಂದಿಕೆ: ಹೆಚ್ಚು ಸಮಯ ಇಲ್ಲಿಗೆ ಕೊಡಿ

ಯುರೋಪಿನ ಇಸಿಟಿಎಸ್ ಪದ್ಧತಿಯಲ್ಲಿ ವರ್ಷಕ್ಕೆ 60 ಕ್ರೆಡಿಟ್, ಒಂದು ಕ್ರೆಡಿಟ್ಟಿಗೆ 25ರಿಂದ 30 ಗಂಟೆ ಓದು. ನಮ್ಮ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟಿನಲ್ಲಿ ವರ್ಷಕ್ಕೆ 1200 ಗಂಟೆ, 40 ಕ್ರೆಡಿಟ್. ಅಂದರೆ ನಮ್ಮ 2 ಕ್ರೆಡಿಟ್ ಅವರ 3ಕ್ಕೆ ಸಮ. ನಮ್ಮ 4 ಕ್ರೆಡಿಟ್ಟಿನ ಪತ್ರಿಕೆಗೆ ಅವರ 6 ಕ್ರೆಡಿಟ್ಟಿನ ಕೋರ್ಸ್ ಬೇಕು. ಇದನ್ನು ಬರವಣಿಗೆಯಲ್ಲಿ ಒಪ್ಪದಿದ್ದರೆ, ಹುಡುಗಿ ಅಲ್ಲಿ 20 ಇಸಿಟಿಎಸ್ ಮುಗಿಸಿ ಬಂದು ‘20 ಆಯಿತಲ್ಲ’ ಎನ್ನುತ್ತಾಳೆ, ಪರೀಕ್ಷಾ ವಿಭಾಗ 13 ಎನ್ನುತ್ತದೆ.

ನಮ್ಮ ಸೆಮಿಸ್ಟರಿನ ಪ್ರತಿ ಪತ್ರಿಕೆಯ ಎದುರು ಅವರ ಕೋರ್ಸಿನ ಹೆಸರು, ಘಟಕಗಳು, ಗಂಟೆಗಳು, ಪರೀಕ್ಷೆಯ ರೀತಿ ಬರೆಯಿರಿ. ಘಟಕಗಳು ಮೂರರಲ್ಲಿ ಎರಡು ಪಾಲು ಕೂಡಿದರೆ ಸಮಾನವೆಂದು ಒಪ್ಪುವುದು ವಿವೇಕ. ನೂರಕ್ಕೆ ನೂರು ಕೂಡಲಿ ಎಂದು ಕುಳಿತರೆ ಯಾವ ಪತ್ರಿಕೆಯೂ ಕೂಡುವುದಿಲ್ಲ. ಕಡ್ಡಾಯ ಪತ್ರಿಕೆಗಳೇ ತುಂಬಿದ ಸೆಮಿಸ್ಟರ್ ಬಿಟ್ಟು, ಐಚ್ಛಿಕ ಪತ್ರಿಕೆ ಮತ್ತು ಪ್ರಾಜೆಕ್ಟ್ ಹೆಚ್ಚಿರುವುದನ್ನು ಆರಿಸಿ.

ಅಂಕದ ಪರಿವರ್ತನೆಯ ಸೂತ್ರವೂ ಮೊದಲೇ ಗೊತ್ತಾಗಿರಬೇಕು. ಜರ್ಮನಿಯಲ್ಲಿ 1 ಅತ್ಯುತ್ತಮ, 4 ಕನಿಷ್ಠ ಪಾಸು. ಅಲ್ಲಿ ಬಳಕೆಯಲ್ಲಿರುವ ಪರಿಷ್ಕೃತ ಬವೇರಿಯನ್ ಸೂತ್ರ ಹೀಗೆ: ಗರಿಷ್ಠದಿಂದ ಪಡೆದದ್ದನ್ನು ಕಳೆದು, ಅದನ್ನು ಗರಿಷ್ಠ–ಕನಿಷ್ಠ ಪಾಸಿನ ಅಂತರದಿಂದ ಭಾಗಿಸಿ, 3ರಿಂದ ಗುಣಿಸಿ, 1 ಕೂಡಿಸುವುದು. 10ಕ್ಕೆ 8.2 ಸಿಜಿಪಿಎ, ಪಾಸು 4 ಎಂದಾದರೆ 1.9 ಬರುತ್ತದೆ. ಅದೇ ಸೂತ್ರವನ್ನು ತಿರುಗಿಸಿ ಅವರ ಅಂಕವನ್ನು ನಮ್ಮದಕ್ಕೆ ತರಬಹುದು.

ಇಷ್ಟಾದ ಮೇಲೆ ಪರೀಕ್ಷಾಂಗ ಕುಲಸಚಿವರಿಂದ ಲಿಖಿತ ಆದೇಶ ಪಡೆಯಿರಿ. ಮೂರು ವಿಷಯ ಅದರಲ್ಲಿರಲೇಬೇಕು: ಹೊರಗಿದ್ದ ಅವಧಿಯನ್ನು ಶೇ 75 ಹಾಜರಾತಿಗೆ ಹೇಗೆ ಎಣಿಸುವುದು, ಆಂತರಿಕ ಅಂಕ ಎಲ್ಲಿಂದ ಬರುವುದು, ರಾಜ್ಯದ ವಿಶ್ವವಿದ್ಯಾಲಯಗಳ ತಂತ್ರಾಂಶ ಯುಯುಸಿಎಂಎಸ್‌ನಲ್ಲಿ ಅಥವಾ ನಿಮ್ಮ ಫಲಿತಾಂಶದ ತಂತ್ರಾಂಶದಲ್ಲಿ ಆ ಕೋರ್ಸ್ ಯಾವ ಸಂಕೇತದಲ್ಲಿ ದಾಖಲಾಗುವುದು. ಮೂರನೆಯದು ಸಣ್ಣದೆಂದು ಬಿಟ್ಟರೆ ವಿದ್ಯಾರ್ಥಿಯ ಫಲಿತಾಂಶ ತಡೆಹಿಡಿಯಲ್ಪಡುತ್ತದೆ, ಸ್ನಾತಕೋತ್ತರ ಪ್ರವೇಶದ ಹೊತ್ತಿಗೆ ಅಂಕಪಟ್ಟಿ ಕೈಯಲ್ಲಿರುವುದಿಲ್ಲ.

ಯಾವ ತಿಂಗಳು ಕಳಿಸುವುದು? ಜರ್ಮನಿಯ ಚಳಿಗಾಲದ ತರಗತಿ ಅಕ್ಟೋಬರಿನಿಂದ ಫೆಬ್ರುವರಿ, ಪರೀಕ್ಷೆ ಅದರಾಚೆಗೆ. ವಿದ್ಯಾರ್ಥಿ ಮರಳುವಾಗ ಇಲ್ಲಿ ಸಮ ಸೆಮಿಸ್ಟರ್ (ಎರಡು, ನಾಲ್ಕು, ಆರನೆಯದು) ಶುರುವಾಗಿಬಿಟ್ಟಿರುತ್ತದೆ. ಏಪ್ರಿಲ್‌ನಿಂದ ಜುಲೈವರೆಗಿನ ಬೇಸಿಗೆ ಸೆಮಿಸ್ಟರ್ ನಮ್ಮ ಸಮ ಸೆಮಿಸ್ಟರಿಗೆ ಚೆನ್ನಾಗಿ ಕೂಡುತ್ತದೆ. ಜಪಾನಿನ ಶೈಕ್ಷಣಿಕ ವರ್ಷವೂ ಏಪ್ರಿಲ್‌ನಲ್ಲೇ ಶುರು. ಏಪ್ರಿಲ್‌ಗೆ ಹೋಗಲು ಹಿಂದಿನ ಅಕ್ಟೋಬರ್–ನವೆಂಬರ್‌ನಲ್ಲಿ ಹೆಸರು ಕಳಿಸಬೇಕಾಗುತ್ತದೆ, ಹಾಗಾಗಿ ಸೆಪ್ಟೆಂಬರಿಗೆ ಸಹಿ ಆಗಿರಬೇಕು, ವಿದ್ಯಾರ್ಥಿಯ ಕೈಯಲ್ಲಿ ಪಾಸ್‌ಪೋರ್ಟ್ ಇರಬೇಕು.

ಒಪ್ಪಂದ ಮತ್ತು ಹಣ

ವಿನಿಮಯವನ್ನೂ ಜಂಟಿ ಪದವಿಯನ್ನೂ ಬೆರೆಸಬೇಡಿ. ಟ್ವಿನ್ನಿಂಗ್ (ಇಲ್ಲಿಯ ಪದವಿಯ ಒಂದು ಭಾಗವನ್ನು ವಿದೇಶದಲ್ಲಿ ಓದುವುದು), ಜಂಟಿ ಪದವಿ, ದ್ವಿಪದವಿಗೆ ಯುಜಿಸಿಯ 2022ರ ನಿಯಮಾವಳಿ ಇದೆ. ಸಂಸ್ಥೆಗಳ ಗುಣಮಟ್ಟ ಅಳೆಯುವ ನ್ಯಾಕ್‌ನಲ್ಲಿ ಕನಿಷ್ಠ 3.01, ಇಲ್ಲವೇ ಕೇಂದ್ರ ಸರ್ಕಾರದ ಶ್ರೇಯಾಂಕ ಪಟ್ಟಿ ಎನ್‌ಐಆರ್‌ಎಫ್‌ನ ವಿಶ್ವವಿದ್ಯಾಲಯಗಳ ಮೊದಲ 100ರಲ್ಲಿ ಸ್ಥಾನ ಮುಂತಾದ ಅರ್ಹತೆಗಳನ್ನು ಅದು ಕೇಳುತ್ತದೆ. ಒಂದು ಸೆಮಿಸ್ಟರಿನ ವಿನಿಮಯ ಸರಳವಾದದ್ದು, ಅದರಿಂದಲೇ ಶುರು ಮಾಡಿ.

ಶುಲ್ಕ ವಿನಾಯಿತಿಯ ಪದ್ಧತಿಯಲ್ಲಿ ವಿದ್ಯಾರ್ಥಿ ತನ್ನ ಕಾಲೇಜಿಗೆ ಶುಲ್ಕ ಕಟ್ಟುತ್ತಾನೆ, ಆತಿಥೇಯರು ಬೋಧನಾ ಶುಲ್ಕ ಬಿಡುತ್ತಾರೆ. ಎರಡೂ ಕಡೆಯ ಲೆಕ್ಕ ಸಮವಾಗಬೇಕು, ಮುರಿಯುವುದು ಅಲ್ಲೇ. ನಮ್ಮವರು ಹತ್ತು ಜನ ಹೋಗಲು ಸಿದ್ಧ, ಅವರಲ್ಲಿ ಒಬ್ಬರು ಬಂದರೆ ಹೆಚ್ಚು. ಅವರ ನಾಲ್ವರು ಮೂರು ವಾರದ ಕ್ಷೇತ್ರಶಾಲೆಗೆ ಬಂದರೆ ನಮ್ಮ ಒಬ್ಬರ ಒಂದು ಸೆಮಿಸ್ಟರಿಗೆ ಸಮ ಎಂಬಂಥ ಷರತ್ತನ್ನು ಬರೆಸಿ, ಲೆಕ್ಕವನ್ನು ಪ್ರತಿವರ್ಷದ ಬದಲು ಐದು ವರ್ಷಕ್ಕೆ ತೀರಿಸಿ. ಬ್ರಹ್ಮಗಿರಿ, ಸೂಳೆಕೆರೆ ಇಲ್ಲಿ ಕೈಹಿಡಿಯುತ್ತವೆ.

ಶುಲ್ಕ ಬಿಟ್ಟರೂ ವಿಮಾನ, ವಿಮೆ, ಬಾಡಿಗೆ, ಊಟ ಉಳಿಯುತ್ತವೆ. 2024ರ ಸೆಪ್ಟೆಂಬರಿನಿಂದ ಜರ್ಮನಿಯ ವಿದ್ಯಾರ್ಥಿ ವೀಸಾಕ್ಕೆ ತಿಂಗಳಿಗೆ 992 ಯೂರೋದಂತೆ ಹಣ ತೋರಿಸಬೇಕು. ರೈತರ, ಮಿಲ್ ಕಾರ್ಮಿಕರ ಮಕ್ಕಳಿಗೆ ಇದು ಆಗದ ಮಾತು. ವಿದ್ಯಾರ್ಥಿವೇತನ ಗೊತ್ತಾಗದೆ ಆಯ್ಕೆ ಪ್ರಕಟಿಸುವುದು ಆ ಮಕ್ಕಳಿಗೆ ಮಾಡುವ ಅನ್ಯಾಯ. ಯುರೋಪಿಯನ್ ಒಕ್ಕೂಟದ ಎರಾಸ್ಮಸ್ ಪ್ಲಸ್‌ನ ವಿದ್ಯಾರ್ಥಿ ಚಲನೆ ಯೋಜನೆಯಲ್ಲಿ 2ರಿಂದ 12 ತಿಂಗಳಿಗೆ ನೆರವಿದೆ, ಆದರೆ ಅರ್ಜಿ ಹಾಕಬೇಕಾದದ್ದು ಯುರೋಪಿನ ವಿಶ್ವವಿದ್ಯಾಲಯ. ಅವರು ಅರ್ಜಿ ಬರೆಯುವ ಹೊತ್ತಿಗೆ ನಿಮ್ಮ ಕ್ರೆಡಿಟ್ ಪಟ್ಟಿ ಅವರ ಮೇಜಿನ ಮೇಲಿದ್ದರೆ ನಿಮ್ಮ ಹೆಸರು ಸೇರುವ ಸಾಧ್ಯತೆ ಹೆಚ್ಚು. ಖಾಸಗಿ ಟ್ರಸ್ಟಿನ ಕಾಲೇಜು ವಿದೇಶಿ ದೇಣಿಗೆ ಪಡೆಯುವುದಾದರೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ, ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯಲ್ಲಿ ಖಾತೆ ಬೇಕು.

ಅಲ್ಲಿಂದ ಬಂದವರು ಹಾಸ್ಟೆಲ್ ಸೇರಿದ 24 ಗಂಟೆಯೊಳಗೆ ವಾಸದ ವಿವರವನ್ನು ಆನ್‌ಲೈನ್‌ನಲ್ಲಿ ಸಲ್ಲಿಸುವುದು ವಾರ್ಡನ್ ಕೆಲಸ. 180 ದಿನ ಮೀರಿದ ವೀಸಾ ಇದ್ದವರು ಬಂದ 14 ದಿನದೊಳಗೆ ವಿದೇಶಿಯರ ನೋಂದಣಿ ಅಧಿಕಾರಿಯಲ್ಲಿ ನೋಂದಾಯಿಸಿಕೊಳ್ಳಬೇಕು. ಪತ್ರವ್ಯವಹಾರವೆಲ್ಲ ವಿಭಾಗದ ಹೆಸರಿನ ಇಮೇಲ್‌ನಲ್ಲೇ ನಡೆಯಲಿ, ಇಬ್ಬರು ಸಂಯೋಜಕರಿರಲಿ. ವಿಭಾಗದ ಮುಖ್ಯಸ್ಥರು ಸರದಿಯಂತೆ ಬದಲಾಗುತ್ತಾರೆ. ಹಿಂದಿನವರ ಸ್ವಂತ ಇಮೇಲ್‌ನಲ್ಲಿ ಉಳಿದ ಪತ್ರಗಳು ಹೊಸಬರಿಗೆ ಸಿಗುವುದಿಲ್ಲ, ಅಲ್ಲಿಂದ ಬಂದ ನಾಮನಿರ್ದೇಶನದ ಕೊನೆಯ ದಿನಾಂಕವೂ ಅದರೊಳಗೇ ಉಳಿದುಬಿಡುತ್ತದೆ.