ಅಳಿವೆಯ ಆಚೆ ದಂಡೆ: ಕಾರಿಲ್ಲದೆ ಕುಮಟಾದ ಕಡಲಿಗೆ

ಕರಾವಳಿಯಲ್ಲಿ ಗದ್ದಲವಿಲ್ಲದ ಕಡಲತೀರ ಇನ್ನು ಉಳಿದಿಲ್ಲ, ಉಳಿದಿದ್ದರೂ ಅಲ್ಲಿಗೆ ಸ್ವಂತ ವಾಹನವಿಲ್ಲದೆ ಹೋಗಿಬರುವುದು ಆಗದ ಮಾತು ಎಂದು ನನ್ನೊಡನೆ ವಾದಕ್ಕಿಳಿದಿದ್ದವರಲ್ಲಿ ಒಂದಿಬ್ಬರು ಈಗ ನನ್ನಿಂದಲೇ ರೈಲು, ಬಸ್ಸುಗಳ ವಿವರ ಕೇಳಿ ಬರೆದುಕೊಂಡು ಹೋಗಿದ್ದಾರೆ. ಅವರಲ್ಲಿ ನನ್ನ ಭಾವನವರೂ ಒಬ್ಬರು ಎಂಬುದನ್ನು ಇಲ್ಲಿ ದಾಖಲಿಸದಿದ್ದರೆ ನನಗೆ ಸಮಾಧಾನವಿಲ್ಲ. ಉತ್ತರ ಕನ್ನಡದ ದಾರಿ, ಮಳೆ, ಸೆಖೆಗಳ ಪರಿಚಯವಿರುವವರಿಗಾಗಿಯೇ ಇದನ್ನು ಬರೆಯುತ್ತಿರುವುದರಿಂದ ಪೀಠಿಕೆಯನ್ನು ಬಿಟ್ಟು ನೇರವಾಗಿ ವಿಷಯಕ್ಕೆ ಬರುತ್ತೇನೆ.

ಮೊದಲು ಕೈಕೊಟ್ಟ ವಿಧಾನಗಳ ಲೆಕ್ಕ ಒಪ್ಪಿಸುತ್ತೇನೆ. ಸಾಲು ರಜೆಯಲ್ಲಿ ಕಾರಿನಲ್ಲಿ ಹೋಗುವುದು ಎಲ್ಲರೂ ಮಾಡುವ ಕೆಲಸ, ನಾವೂ ಕೆಲವು ವರ್ಷ ಅದನ್ನೇ ಮಾಡಿದೆವು. ಬೆಂಗಳೂರಿನಿಂದ ಹೋಗಿಬರಲು ಒಟ್ಟು ಸಾವಿರ ಕಿಲೋಮೀಟರ್ ಹತ್ತಿರವಾಗುತ್ತದೆ, ಪೆಟ್ರೋಲಿಗೇ ಆರೇಳು ಸಾವಿರ ರೂಪಾಯಿ, ಅದರ ಮೇಲೆ ಟೋಲು. ‘ಕಡಲಿಗೆ ಮುಖ ಮಾಡಿದ ಕೋಣೆ’ ಎಂದು ಚಿತ್ರ ತೋರಿಸಿ ರಾತ್ರಿಗೆ 4,500 ರೂಪಾಯಿ ಪಡೆದ ಹೋಮ್‌ಸ್ಟೇ ಒಂದರ ಕಿಟಕಿಯಿಂದ ಕಂಡದ್ದು ಪಕ್ಕದ ಕಟ್ಟಡದ ನೀರಿನ ಟ್ಯಾಂಕು; ಕಡಲು ಕಾಣಬೇಕಾದರೆ ತಾರಸಿ ಹತ್ತಬೇಕಿತ್ತು, ತಾರಸಿಯಲ್ಲಿ ಬೇರೊಂದು ತಂಡದ ಧ್ವನಿವರ್ಧಕ ಮೊಳಗುತ್ತಿತ್ತು. ಊಟ ತಿಂಡಿ ಸೇರಿ ಇಬ್ಬರಿಗೆ ಇಪ್ಪತ್ತೈದು ಸಾವಿರದಷ್ಟು ಖರ್ಚಾಯಿತು. ಮುಂದಿನ ಸಲ ‘ಯಾರಿಗೂ ಗೊತ್ತಿಲ್ಲದ ಬೀಚು’ ಎಂಬ ವೀಡಿಯೊಗಳನ್ನು ನಂಬಿ ಹೊರಟೆವು. ಆ ವೀಡಿಯೊಗಳನ್ನು ನೋಡಿದ ಲಕ್ಷಾಂತರ ಮಂದಿಯಲ್ಲಿ ಒಂದಷ್ಟು ಜನ ನಮಗಿಂತ ಮೊದಲೇ ಅಲ್ಲಿ ತಲುಪಿದ್ದರು.

ಅನಂತರ ಕಡಲತೀರಗಳ ಹೆಸರನ್ನು ಹುಡುಕುವುದನ್ನೇ ಬಿಟ್ಟು, ನಕ್ಷೆಯನ್ನು ಮುಂದಿಟ್ಟುಕೊಂಡು ದಾರಿ ಎಲ್ಲಿ ಕಡಿಯುತ್ತದೆ ಎಂಬುದನ್ನು ಹುಡುಕತೊಡಗಿದೆ. ನಮ್ಮ ಕರಾವಳಿಯ ನದಿಗಳು ಘಟ್ಟದಿಂದ ಇಳಿದು ಕಡಲು ಸೇರುವಲ್ಲಿ ಅಗಲವಾದ ಅಳಿವೆಗಳನ್ನು ಮಾಡಿಕೊಂಡಿವೆ. ರಾಷ್ಟ್ರೀಯ ಹೆದ್ದಾರಿ 66 ಇಂಥ ಕಡೆ ಒಳನಾಡಿನತ್ತ ಸರಿದು ಸೇತುವೆಯ ಮೇಲೆ ದಾಟುತ್ತದೆ. ಅಳಿವೆಯ ಬಾಯಿಯ ಹತ್ತಿರದ ಊರುಗಳು ಹೆದ್ದಾರಿಗೆ ಬೆನ್ನು ಹಾಕಿ ಉಳಿದುಬಿಡುತ್ತವೆ. ಅಘನಾಶಿನಿಯನ್ನೇ ನೋಡಿ. ಬಡಗಣ ದಂಡೆಯಲ್ಲಿ ತದಡಿ, ಎದುರಿಗೆ ತೆಂಕಣ ದಂಡೆಯಲ್ಲಿ ನದಿಯ ಹೆಸರನ್ನೇ ಹೊತ್ತ ಅಘನಾಶಿನಿ ಊರು. ನೀರಿನ ಮೇಲೆ ಕೂಗಳತೆಯ ದೂರವಾದರೂ ಮಿರ್ಜಾನ್, ಕುಮಟಾಗಳನ್ನು ಸುತ್ತಿ ರಸ್ತೆಯಲ್ಲಿ ಬಂದರೆ ನಲವತ್ತು ಕಿಲೋಮೀಟರಿಗೆ ಸಮೀಪ. ಗೋಕರ್ಣಕ್ಕೆ ಬಂದ ಜನ ಹೆಚ್ಚೆಂದರೆ ತದಡಿಯ ಬಂದರಿನವರೆಗೆ ಬಂದು ಹಿಂದಿರುಗುತ್ತಾರೆ, ಏಕೆಂದರೆ ಕಾರು ಅಲ್ಲಿಗೆ ನಿಲ್ಲುತ್ತದೆ. ಕಾರು ನಿಲ್ಲುವಲ್ಲಿ ಪ್ರವಾಸವೂ ನಿಲ್ಲುತ್ತದೆ ಎಂಬುದೇ ನನ್ನ ಇಡೀ ಲೆಕ್ಕಾಚಾರದ ತಿರುಳು. ಎದುರು ದಂಡೆಯ ಅಘನಾಶಿನಿಯಿಂದ ತೆಂಕಣಕ್ಕೆ ಕಾಗಾಲ, ಬಾಡ, ಕಡ್ಲೆ ಎಂದು ಕುಮಟಾ ಪೇಟೆಯವರೆಗೆ ಸಾಗುವ ಊರುಗಳ ಅಂಚಿನಲ್ಲಿ, ವಾರದ ನಡುವಿನ ದಿನಗಳಲ್ಲಿ, ಬಲೆ ಒಣಗಿಸುವವರನ್ನು ಬಿಟ್ಟು ಬೇರೆ ಯಾರೂ ಕಾಣದ ಮರಳನ್ನು ನಾನು ಕಂಡಿದ್ದೇನೆ.

ತಂಗಿದ್ದು ಕುಮಟಾ ಪೇಟೆಯ ಲಾಡ್ಜಿನಲ್ಲಿ. ಇದನ್ನು ಕೇಳಿದವರೆಲ್ಲ ನಕ್ಕರು. ಕಡಲಿಗೆ ಹೋಗಿ ಬಸ್‌ನಿಲ್ದಾಣದ ಪಕ್ಕದಲ್ಲಿ ಮಲಗುವುದೇ ಎಂದು. ಆದರೆ ತಾಲ್ಲೂಕು ಪೇಟೆಯ ಲಾಡ್ಜು ಪ್ರವಾಸಿಗರನ್ನು ನೆಚ್ಚಿಕೊಂಡದ್ದಲ್ಲ. ಕೋರ್ಟಿಗೆ, ಆಸ್ಪತ್ರೆಗೆ, ಮದುವೆಗೆ ಬಂದವರು ಉಳಿಯುವ ಜಾಗವಾದ್ದರಿಂದ ದೀಪಾವಳಿಯೆಂದು ದರ ಮೂರು ಪಟ್ಟು ಏರುವುದಿಲ್ಲ. ಎ.ಸಿ. ಇಲ್ಲದ ಡಬಲ್ ರೂಮಿಗೆ ಎಂಟುನೂರೋ ಒಂಬೈನೂರೋ ಕೊಟ್ಟ ನೆನಪು. ಮೇಲಿನ ಮಹಡಿಯನ್ನು ಮಾತ್ರ ತಪ್ಪಿಸಬೇಕು, ಹಗಲೆಲ್ಲ ಕಾದ ತಾರಸಿ ನಡುರಾತ್ರಿಯವರೆಗೂ ಸೆಖೆ ಉಗುಳುತ್ತಿರುತ್ತದೆ. ಬಿಸಿನೀರು ಬೆಳಿಗ್ಗೆ ಎಷ್ಟು ಹೊತ್ತಿಗೆ ಬಿಡುತ್ತಾರೆಂದು ಮುಂಗಡ ಕೊಡುವ ಮೊದಲೇ ಕೇಳಿಕೊಳ್ಳುವುದು ಒಳಿತು, ಉಪ್ಪುನೀರಿನಲ್ಲಿ ನೆನೆದು ಬಂದ ಮೇಲೆ ಅದಕ್ಕಿರುವ ಬೆಲೆ ಬೇರೆ.

ರೈಲಿನ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಕೊಂಕಣ ರೈಲುಮಾರ್ಗ 1998ರಲ್ಲಿ ಪೂರ್ಣವಾಗಿ ತೆರೆದಾಗಿನಿಂದ ಈ ಊರುಗಳಿಗೆ ನಿಲ್ದಾಣಗಳಿವೆ. ಬೆಂಗಳೂರಿನಿಂದ ಸಂಜೆ ಹೊರಡುವ ಪಂಚಗಂಗಾ ಎಕ್ಸ್‌ಪ್ರೆಸ್ ಬೆಳಿಗ್ಗೆ ಕುಮಟಾದಲ್ಲಿ ಇಳಿಸುತ್ತದೆ. ಸ್ಲೀಪರ್ ದರ್ಜೆಗೆ ತಲೆಗೆ ನಾನೂರರ ಆಸುಪಾಸು. ಮುಂಗಡ ಕಾಯ್ದಿರಿಸುವ ಅವಧಿಯನ್ನು 2024ರ ನವೆಂಬರಿನಿಂದ 120 ದಿನಗಳ ಬದಲು 60 ದಿನಗಳಿಗೆ ಇಳಿಸಿದ್ದು ನಮ್ಮಂಥವರಿಗೆ ಅನುಕೂಲವೇ ಆಯಿತು, ನಾಲ್ಕು ತಿಂಗಳ ಮೊದಲೇ ತಿಥಿ ನೋಡಿ ಟಿಕೆಟ್ ಹಿಡಿಯುವ ಪರದಾಟ ತಪ್ಪಿತು. ಮಳೆಗಾಲದಲ್ಲಿ ಗುಡ್ಡ ಕುಸಿತದ ಭಯದಿಂದ ಕೊಂಕಣ ಮಾರ್ಗದ ರೈಲುಗಳ ವೇಗ ತಗ್ಗಿಸಿ ಬೇರೆ ವೇಳಾಪಟ್ಟಿ ನಡೆಸುತ್ತಾರೆ, ಅದು ಅಕ್ಟೋಬರಿನಲ್ಲೂ ಮುಂದುವರಿಯುವುದರಿಂದ ಹಳೆಯ ಸಮಯ ನೋಡಿಕೊಂಡು ನಿಲ್ದಾಣಕ್ಕೆ ಹೋಗಬಾರದು.

ಪೇಟೆಯಿಂದ ಕಡಲ ಊರುಗಳಿಗೆ ವಾಯವ್ಯ ಸಾರಿಗೆಯ ಬಸ್ಸುಗಳಿವೆ, ದಿನಕ್ಕೆ ಬೆರಳೆಣಿಕೆಯಷ್ಟು. ನಿಲ್ದಾಣದ ಫಲಕವನ್ನು ನಂಬುವುದಕ್ಕಿಂತ ನಿಯಂತ್ರಕರ ಕಿಟಕಿಗೆ ಹೋಗಿ ವಿಚಾರಿಸುವುದು ಮೇಲು. 2023ರ ಜೂನ್‌ನಿಂದ ಶಕ್ತಿ ಯೋಜನೆ ಬಂದ ಮೇಲೆ ನನ್ನ ಹೆಂಡತಿಗೆ ಟಿಕೆಟ್ ಖರ್ಚೇ ಇಲ್ಲ. ನಾನು ಇಪ್ಪತ್ತೋ ಇಪ್ಪತ್ತೈದೋ ರೂಪಾಯಿ ಎಣಿಸಿ ಕೊಡುವಾಗ ಅವಳು ಸೊನ್ನೆ ಮೊತ್ತದ ಚೀಟಿಯನ್ನು ಎತ್ತಿ ತೋರಿಸುವುದು ಪ್ರತಿ ಪ್ರವಾಸದ ಕ್ರಮವಾಗಿಬಿಟ್ಟಿದೆ. ಹಳ್ಳಿಯಲ್ಲೇ ರಾತ್ರಿ ನಿಲ್ಲುವ ಹಾಲ್ಟಿಂಗ್ ಬಸ್ಸು ಯಾವುದೆಂದು ತಿಳಿದುಕೊಂಡರೆ ಸಂಜೆಯ ಆತಂಕ ಅರ್ಧ ಕಡಿಮೆಯಾಗುತ್ತದೆ, ಅದು ಹಳ್ಳಿಗೆ ಬಂದು ನಿಂತ ಮೇಲೆ ಪೇಟೆಗೆ ಹಿಂದಿರುಗುವ ಬಸ್ಸಿಲ್ಲ ಎಂದರ್ಥ. ಅಳಿವೆ ದಾಟಲು ಬಾರ್ಜು. ಜನ, ಬೈಕು, ಮೀನಿನ ಬುಟ್ಟಿ ಎಲ್ಲವೂ ಒಟ್ಟಿಗೆ. ದರ ಎಷ್ಟು ಕಡಿಮೆಯೆಂದರೆ ನನಗದು ನೆನಪಿನಲ್ಲೇ ಉಳಿದಿಲ್ಲ.

ಇನ್ನು ನಾನು ಹೆಮ್ಮೆಯಿಂದ ಹೇಳಿಕೊಳ್ಳುವ ಭಾಗ. ಉಬ್ಬರ ಇಳಿತದ ಸಮಯ ನೋಡಲು ನಾನು ಮೊಬೈಲ್ ಆ್ಯಪ್ ಬಳಸುವುದಿಲ್ಲ, ಗೋಡೆಯ ಕ್ಯಾಲೆಂಡರಿನ ತಿಥಿ ಸಾಕು. ಈ ಭಾಗದಲ್ಲಿ ಅಮಾವಾಸ್ಯೆ, ಹುಣ್ಣಿಮೆಗಳಂದು ಸ್ಥೂಲವಾಗಿ ಹನ್ನೊಂದು ಗಂಟೆಯ ಆಸುಪಾಸಿಗೆ ಉಬ್ಬರ ತುಂಬುತ್ತದೆ, ಸಂಜೆ ಐದರ ಹೊತ್ತಿಗೆ ನೀರು ತಳ ಹಿಡಿಯುತ್ತದೆ. ದಿನಕ್ಕೆ ಐವತ್ತು ನಿಮಿಷದಷ್ಟು ಹಿಂದೆ ಬೀಳುತ್ತ ಅಷ್ಟಮಿಯ ವೇಳೆಗೆ ಲೆಕ್ಕ ತಿರುವುಮುರುವಾಗುತ್ತದೆ, ಆಗ ಸಂಜೆಗೆ ಉಬ್ಬರ. ಅದಲ್ಲದೆ ಅಮಾವಾಸ್ಯೆ, ಹುಣ್ಣಿಮೆಗಳ ನೀರು ಹೆಚ್ಚು ಏರಿ ಹೆಚ್ಚು ಇಳಿಯುತ್ತದೆ, ಅಷ್ಟಮಿಯದು ಮಂದ. ಆದ್ದರಿಂದ ಸಂಜೆ ಅಗಲವಾದ ಗಟ್ಟಿ ಮರಳಿನ ಮೇಲೆ ನಡೆಯಬೇಕೆನ್ನುವವರು ಅಮಾವಾಸ್ಯೆ ಅಥವಾ ಹುಣ್ಣಿಮೆಯ ಎರಡು ದಿನ ಹಿಂದುಮುಂದು ಹೋಗಬೇಕು. ನಮ್ಮ ಮೊದಲ ಪ್ರಯತ್ನ ಅಷ್ಟಮಿಗೆ ಬಿದ್ದಿತ್ತು. ಸಂಜೆ ಹೋದರೆ ನೀರು ಗಾಳಿಮರಗಳ ಬುಡಕ್ಕೆ ಬಂದು ನಿಂತಿತ್ತು, ಕಾಲಿಡಲು ಮರಳೇ ಇರಲಿಲ್ಲ. ಅದೇ ಜಾಗಕ್ಕೆ ಹುಣ್ಣಿಮೆಯ ಮರುದಿನ ಹೋದಾಗ ತೆರೆಯವರೆಗೆ ತಲುಪಲು ಒಂದಷ್ಟು ಹೊತ್ತು ನಡೆಯಬೇಕಾಯಿತು.

ಇಳಿತದ ಹೊತ್ತಿಗೆ ಅಳಿವೆಯೊಳಗೆ ನಡೆಯುವ ಕೆಲಸವನ್ನು ನೋಡಲೆಂದೇ ನಾವು ಒಂದು ದಿನವನ್ನು ಮೀಸಲಿಟ್ಟಿದ್ದೆವು. ಸೊಂಟದುದ್ದ ನೀರಿನಲ್ಲಿ ನಿಂತ ಹೆಂಗಸರು ಕಾಲಿನಿಂದಲೇ ಕೆಸರನ್ನು ಕೆದಕಿ, ಚಿಪ್ಪು ತಗುಲಿದ ಕೂಡಲೇ ಬಗ್ಗಿ ಎತ್ತಿ, ಪಕ್ಕದಲ್ಲಿ ತೇಲುತ್ತಿದ್ದ ಪಾತ್ರೆಗೆ ಹಾಕುತ್ತಿದ್ದರು. ಬಳಚು ಎನ್ನುವ ಈ ಚಿಪ್ಪಿನ ಮೇಲೆ ಸುತ್ತಲ ಊರುಗಳ ಎಷ್ಟೋ ಮನೆಗಳ ದಿನದ ದುಡಿಮೆ ನಿಂತಿದೆ. ಅಣೆಕಟ್ಟು ಕಾಣದ ನದಿಯಾದ್ದರಿಂದ ಸಿಹಿನೀರು, ಉಪ್ಪುನೀರುಗಳ ಹದ ಇಲ್ಲಿ ಇನ್ನೂ ಕೆಟ್ಟಿಲ್ಲ. 2024ರ ಜನವರಿಯಲ್ಲಿ ಈ ಅಳಿವೆ ರಾಮ್ಸಾರ್ ತಾಣಗಳ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ, ಪಟ್ಟಿಗೆ ಸೇರಿತು. ಚಿತ್ರ ತೆಗೆಯಲು ಹೋದ ನನ್ನನ್ನು ಒಬ್ಬ ಅಜ್ಜಿ ತಡೆದು, “ತಮಾ, ಬರಿಗಾಲಲ್ಲಿ ಇಳಿಬೇಡ, ಕಾಲು ಸೀಳ್ತದೆ” ಎಂದರು. ಚಪ್ಪಲಿ ಹಾಕಿ ಇಳಿದರೂ ಹಿಮ್ಮಡಿಯ ಅಂಚಿಗೆ ಸಣ್ಣ ಗೀರು ಬಿದ್ದಿತು.

ಈಜುವವರಿಗೆ ಒಂದು ಮಾತು. ಅಳಿವೆಯ ಬಾಯಲ್ಲಿ ಎಂದೂ ನೀರಿಗಿಳಿಯಬಾರದು. ಇಳಿತದಲ್ಲಿ ನದಿಯ ನೀರು, ಕಡಲ ನೀರು ಎರಡೂ ಸೇರಿ ಹೊರಕ್ಕೆ ಎಳೆಯುತ್ತವೆ. ತೆರೆದ ತೀರದಲ್ಲಿಯೂ ಎರಡು ಕಡೆ ತೆರೆ ಒಡೆದು ನಡುವೆ ಮಾತ್ರ ನೀರು ಶಾಂತವಾಗಿ, ಮರಳಿನ ಬಣ್ಣಕ್ಕೆ ತಿರುಗಿ ಕಂಡರೆ ಅದೇ ಸೆಳವು ಇರುವ ಜಾಗ. ಸಿಕ್ಕಿಬಿದ್ದರೆ ದಡದ ಕಡೆಗೆ ಹೋರಾಡದೆ ದಡಕ್ಕೆ ಸಮಾನಾಂತರವಾಗಿ ಈಜಿ ಹೊರಬರಬೇಕು. ಜನವಿಲ್ಲದ ತೀರದಲ್ಲಿ ಜೀವರಕ್ಷಕರೂ ಇರುವುದಿಲ್ಲ ಎಂಬುದನ್ನು ನೆನಪಿಟ್ಟು ನಾವು ಮೊಣಕಾಲಿನ ಮೇಲೆ ನೀರಿಗೆ ಹೋಗಿಲ್ಲ. ಬೆಳಿಗ್ಗೆ ಒಂಬತ್ತು ಹತ್ತರವರೆಗೆ ಗಾಳಿ ನೆಲದಿಂದ ಕಡಲಿಗೆ ಬೀಸುವುದರಿಂದ ತೆರೆಗಳು ಚೊಕ್ಕವಾಗಿರುತ್ತವೆ, ಮಧ್ಯಾಹ್ನದ ಮೇಲೆ ಕಡಲ ಗಾಳಿ ಎದ್ದು ಎಲ್ಲವೂ ಕಲಕುತ್ತದೆ.

ಪಕ್ಕದ ಪ್ರಯೋಗಗಳೂ ನಡೆದವು. ಜುಲೈಯಲ್ಲಿ ಹೋಗಿ ನೋಡಿದೆವು: ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧವಾದ್ದರಿಂದ ಖಾನಾವಳಿಗಳಲ್ಲಿ ಮೀನಿನ ದರ ಏರಿತ್ತು, ಬಟ್ಟೆ ಒಣಗಲಿಲ್ಲ, ಆದರೆ ಅಷ್ಟು ನಿರ್ಜನವಾದ ಕಡಲನ್ನು ಬೇರೆ ಯಾವಾಗಲೂ ಕಂಡಿಲ್ಲ. ಸೈಕಲನ್ನು ಬಾರ್ಜಿಗೆ ಏರಿಸಿದ ಪ್ರಯೋಗ ಸೋತಿತು. ಕೆಂಪುಕಲ್ಲಿನ ಏರುಗಳಲ್ಲಿ ತಳ್ಳಿಕೊಂಡು ಹೋದದ್ದೇ ಹೆಚ್ಚು, ಉಪ್ಪುಗಾಳಿಗೆ ಚೈನು ತುಕ್ಕು ಹಿಡಿದು ರಿಪೇರಿಗೆ ನಾನೂರು ರೂಪಾಯಿ ದಂಡ. ಬೇಸಿಗೆಯ ಆರಂಭದಲ್ಲಿ ಹೋದದ್ದಕ್ಕೆ ಮಾತ್ರ ಕುಮಟಾದ ಸಿಹಿ ಈರುಳ್ಳಿ ಸಿಕ್ಕಿತು. ಅಳ್ವೆಕೋಡಿಯ ಹತ್ತಿರ ಹೆದ್ದಾರಿ ಬದಿಯಲ್ಲಿ ಜಡೆಯಂತೆ ಹೆಣೆದು ತೂಗುಹಾಕಿರುತ್ತಾರೆ. ಎರಡು ಗೊಂಚಲು ಹೊತ್ತು ರೈಲು ಹತ್ತಿದ್ದಕ್ಕೆ ಬೋಗಿಯವರೆಲ್ಲ ದರ ವಿಚಾರಿಸಿದರು.

ಒಟ್ಟು ಲೆಕ್ಕ ಹೀಗೆ: ಇಬ್ಬರಿಗೆ ರೈಲು ಸಾವಿರದ ಆರುನೂರು, ಲಾಡ್ಜು ಎರಡು ಸಾವಿರದ ಏಳುನೂರು, ಊಟಕ್ಕೆ ಎರಡು ಸಾವಿರ ಚಿಲ್ಲರೆ, ಆಟೊ ಮತ್ತಿತರ ಖರ್ಚು ಏಳುನೂರು. ಏಳು ಸಾವಿರದ ಆಚೀಚೆ. ಕಾರಿನ ಪ್ರವಾಸದ ಮೂರನೆಯ ಒಂದು ಭಾಗಕ್ಕಿಂತ ಕಡಿಮೆ.

ಇದು ಎಲ್ಲ ಅಳಿವೆಗಳಿಗೂ ನಡೆಯುವ ಲೆಕ್ಕವಲ್ಲ. ಹೊನ್ನಾವರದಲ್ಲಿ ಶರಾವತಿಯ ಅಳಿವೆಗೆ ಸಮೀಪದಲ್ಲೇ ಹೆದ್ದಾರಿ ಸೇತುವೆಯಿದೆ, ಅದನ್ನು ದಾಟಿದರೆ ಕಾಸರಕೋಡು. 2020ರಲ್ಲಿ ಆ ತೀರಕ್ಕೆ ಶುಚಿತ್ವ, ಸುರಕ್ಷತೆಗಳನ್ನು ನೋಡಿ ಕೊಡುವ ಬ್ಲೂ ಫ್ಲ್ಯಾಗ್ ಎಂಬ ಅಂತರರಾಷ್ಟ್ರೀಯ ಮಾನ್ಯತೆ ಬಂದಿತು. ಶುಚಿಯಾಗಿದೆ, ಮಕ್ಕಳೊಂದಿಗೆ ಹೋಗುವವರಿಗೆ ನಾನೂ ಅದನ್ನೇ ಹೇಳುತ್ತೇನೆ, ಆದರೆ ನಾವು ಹೋದಾಗ ನಿಲ್ಲಿಸಲು ಜಾಗ ಸಿಗದೆ ಕಾರುಗಳು ಸುತ್ತುತ್ತಿದ್ದವು. ಹೀಗಾಗಿ ಸೇತುವೆ ಇಲ್ಲದ ಅಳಿವೆಯನ್ನೇ ಆರಿಸಬೇಕು.

ಕಡ್ಲೆಗೂ ಬಾಡಕ್ಕೂ ನಡುವೆ ನಾವು ಯಾವ ಕವಲಿನಲ್ಲಿ ಬಸ್ಸಿಳಿದು ಗದ್ದೆಯಂಚಿನಲ್ಲಿ ಪಡುವಣಕ್ಕೆ ತಿರುಗಿದೆವು ಎಂಬುದನ್ನು ಭಾವನವರು ಎರಡು ಸಲ ಕೇಳಿದ್ದಾರೆ. ಅವರಿಗೇ ಹೇಳಿಲ್ಲವಾದ್ದರಿಂದ ಇಲ್ಲಿಯೂ ಬರೆಯುವುದಿಲ್ಲ. ಬಸ್ಸಿನ ಎಡಗಡೆ ಕಿಟಕಿಯಲ್ಲಿ ಕುಳಿತು ಕುಮಟಾದಿಂದ ಹೊರಟವರಿಗೆ ಕಡಲು ಮೊದಲ ಸಲ ಕಾಣುವ ಏರಿನ ನಂತರ ಹುಡುಕಿದರೆ ಸಾಕು.